ನಾಲ್ಕನೇ ಮಹಡಿಗೆ ಮೂರನೇ ಸಲ

ಕೆಳಗೆ ಬೀದಿಬಾಗಿಲು ಎರಡು ಸಲ ಬಡಿಯಿತು, ಈ ಕಟ್ಟಡದವರು ತಳ್ಳಿದರೆ ಒಂದೇ ಸಲ, ಹೊರಗಿನವರಾದರೆ ಎರಡು, ಅದನ್ನು ಕೊನೆಯಲ್ಲಿ ತುಸು ಎತ್ತಿ ಒತ್ತಬೇಕೆಂದು ಅವರಿಗೆ ಗೊತ್ತಿಲ್ಲ — ಎರಡು ಸಲ, ಅಂದರೆ ಬಂದ, ಲೂಸಿಯಾಂ ನೆಟ್ಟರ್ ಬಂದ, ಮೂವರು ಸಾಕ್ಷಿಗಳನ್ನು ಕಟ್ಟಿಕೊಂಡು ಮೂರನೇ ಸಲ ಬಂದ, ಬರಲಿ, ಲಿಫ್ಟ್ ಕೆಟ್ಟು ಹನ್ನೊಂದು ದಿನವಾಯಿತು, ನಾನಂತೂ ದೂರು ಕೊಟ್ಟಿಲ್ಲ, ನಾಲ್ಕು ಮಹಡಿ, ಎಪ್ಪತ್ತೆರಡು ಮೆಟ್ಟಿಲು, ಅವನಿಗೆ ಎಪ್ಪತ್ತನಾಲ್ಕು ವರ್ಷ, ಎದೆಯಲ್ಲಿ ಮೂರು ಕಡೆ ರಕ್ತನಾಳ ಕಟ್ಟಿಕೊಂಡಿದೆಯಂತೆ, ಮುಂದಿನ ಹಬ್ಬ ಕಳೆದ ಮೇಲೆ ಆಪರೇಷನ್ ಅಂತೆ, ಅದಕ್ಕೇ ಈ ಅವಸರ, ಕೈ ತೊಳೆದುಕೊಂಡು ಮಲಗಬೇಕು ಆಪರೇಷನ್ ಮೇಜಿನ ಮೇಲೆ, ಕೈ ತೊಳೆಯಲು ನೀರು ಮಾತ್ರ ನನ್ನ ಮನೆಯದು. ನಾನು ಇಳಿದು ಹೋಗಿ ಅಂಗಳದಲ್ಲೇ ಮಾತಾಡಿಸಬಹುದಿತ್ತು. ಇಳಿಯಲಿಲ್ಲ. ಪ್ಲಮ್ ಹಣ್ಣಿನ ಬೀಜ ತೆಗೆಯುತ್ತಿದ್ದೇನೆ, ನಾಳೆ ಸಂಜೆ ಉಪವಾಸ ಬಿಡುವಾಗ ತಿನ್ನುವ ಟಾರ್ಟ್‌ಗೆ, ಬೆರಳೆಲ್ಲ ನೇರಳೆ, ಒಲೆಯ ಮೇಲೆ ಕೋಳಿಸಾರು ಸಣ್ಣಗೆ ಕುದಿಯುತ್ತಿದೆ, ಉಪ್ಪು ಕಡಿಮೆ, ಇಪ್ಪತ್ತೈದು ಗಂಟೆ ನೀರೂ ಇಲ್ಲದೆ ಇರಬೇಕಲ್ಲ, ಸತ್ತ ಅಪ್ಪನ ಹೆಸರಿನ ದೀಪ ತೊಳೆದು ಕಿಟಕಿಯಲ್ಲಿ ಇಟ್ಟಿದ್ದೇನೆ, ಇನ್ನೂ ಹಚ್ಚಿಲ್ಲ, ಹೊತ್ತು ಮುಳುಗುತ್ತಲೇ ಉಪವಾಸ ಶುರು, ಅದಕ್ಕೆ ಮೂರು ಗಂಟೆ ಇದೆ, ಆ ಮೂರು ಗಂಟೆಯೊಳಗೆ ಮನುಷ್ಯರ ನಡುವಿನ ಜಗಳ ಮನುಷ್ಯರೇ ತೀರಿಸಿಕೊಳ್ಳಬೇಕು, ಪ್ರಾಯಶ್ಚಿತ್ತದ ದಿನ ದೇವರು ತನಗೆ ಮಾಡಿದ ತಪ್ಪನ್ನು ಕ್ಷಮಿಸುತ್ತಾನೆ, ಫ್ಲೋರ್ ವೋರ್ಮ್ಸರ್‌ಗೆ ಮಾಡಿದ್ದನ್ನು ಫ್ಲೋರ್ ವೋರ್ಮ್ಸರ್ ಕ್ಷಮಿಸಬೇಕು, ಅದರಲ್ಲಿ ದೇವರಿಗೂ ಕೈ ಹಾಕುವ ಹಕ್ಕಿಲ್ಲ, ನಮ್ಮ ಯಹೂದಿ ಧರ್ಮದಲ್ಲಿ ನನಗೆ ಮನಸಾರೆ ಒಪ್ಪಿಗೆಯಾದ ಮಾತು ಅದೊಂದೇ. ಆದರೆ ಅದರ ಬಾಲಕ್ಕೆ ಇನ್ನೊಂದು ಕಟ್ಟಿದ್ದಾರೆ — ತಪ್ಪು ಮಾಡಿದವನು ಮೂವರನ್ನು ಕರೆದುಕೊಂಡು ಮೂರು ಸಲ ಬರಬೇಕು, ಮೂರು ಸಲವೂ ಒಲ್ಲೆ ಅಂದರೆ ಅವನು ಬಿಡುಗಡೆ, ಪಾಪವೆಲ್ಲ ಒಲ್ಲೆ ಅಂದವಳ ತಲೆಗೆ. ಎಂಥ ನ್ಯಾಯ! ಕದ್ದವನು ಮೂರು ಸಲ ಮೆಟ್ಟಿಲು ಹತ್ತಿದರೆ ಕಳಕೊಂಡವಳು ಕಳ್ಳಿ. ಎರಡು ಸಲ ಒಲ್ಲೆ ಅಂದಿದ್ದೇನೆ. ಇವತ್ತು ಹೂಂ ಅಂದರೂ ಅವನು ಪಾರು, ಊಹೂಂ ಅಂದರೂ ಪಾರು. ಅವನು ಪಾರಾಗಕೂಡದು. ನನಗೆ ಬೇಕಾದ್ದು ಅಷ್ಟೇ, ಅವನ ಪುಸ್ತಕದಲ್ಲಿ ನನ್ನ ಹೆಸರು ಬೇಡ, ನೂರು ಜನರ ಮುಂದೆ ಸನ್ಮಾನ ಬೇಡ, ಅವನು ಪಾರಾಗಕೂಡದು.

ನಿಂತರು. ಮೊದಲ ಮಹಡಿ. ಗಾಸ್ತೋನ್‌ನ ದನಿ ಕೇಳುತ್ತಿದೆ, ಔಷಧಿ ಅಂಗಡಿಯ ಗಾಸ್ತೋನ್ ಬ್ರಾನ್ಷ್‌ವಿಗ್, ಅವನಿಗೆ ಪಿಸುಗುಟ್ಟಲು ಬರುವುದಿಲ್ಲ, ಕೆಮ್ಮಿನ ಸಿರಪ್ ಕೊಡುವಾಗಲೂ ಇಡೀ ಬೀದಿಗೆ ಕೇಳಬೇಕು, ನಿಧಾನ ಪ್ರೊಫೆಸರೇ ನಿಧಾನ, ಅಂಗಡಿ ಮುಚ್ಚಿ ಬಂದಿದೀನಿ, ನಿಮಗೇನಾದ್ರೂ ಆದ್ರೆ ಗುಳಿಗೆ ತರೋಕೆ ಮತ್ತೆ ನಾನೇ ಇಳೀಬೇಕು, ಅದಕ್ಕೆ ಲೂಸಿಯಾಂ ಏನೋ ಅಂದ, ಕೇಳಿಸಲಿಲ್ಲ, ಉಸಿರೇ ಹೆಚ್ಚು, ಮಾತು ಕಡಿಮೆ, ಇಡೀ ಯುರೋಪು ಬಾಯಿಬಿಟ್ಟುಕೊಂಡು ಕೇಳಿದ ಆ ಗಂಟಲು ಹದಿನೆಂಟು ಮೆಟ್ಟಿಲಿಗೇ ಹೀಗೆ. ಆ ಗಂಟಲಿಗೆ ಆಗ ಮೂವತ್ತಮೂರು, ನನಗೆ ಇಪ್ಪತ್ತೇಳು, ಅರವತ್ತೆರಡನೇ ಇಸವಿ, ಅಕ್ಟೋಬರ್, ಡಾಕ್ಟರ್ ಬಾಂಬರ್ಗರ್ ಮನೆಯ ಊಟದ ಕೋಣೆ, ಪ್ರತಿ ಶನಿವಾರ ಮಧ್ಯಾಹ್ನ ಓದುಕೂಟ, ಉದ್ದ ಮೇಜಿನ ಸುತ್ತ ಗಂಡಸರು, ಯುದ್ಧದಿಂದ ಅರ್ಧ ಮಂದಿಯಾಗಿ ಮರಳಿದ ಊರು, ಉಳಿದವರೆಲ್ಲ ಹಳೆಯ ಗ್ರಂಥ ತೆರೆದು ಹೊಸ ಪ್ರಶ್ನೆ ಕೇಳುತ್ತಿದ್ದ ಕಾಲ, ಅಡಿಗೆಮನೆಯ ಬಾಗಿಲು ತೆರೆದಿರುತ್ತಿತ್ತು, ಹೆಂಗಸರಿಗೂ ಕೇಳಲಿ ಅಂತ, ಅದೇ ದೊಡ್ಡ ಔದಾರ್ಯ, ಬಾಗಿಲು ತೆರೆದಿಟ್ಟಿದ್ದೇವಲ್ಲ, ಇನ್ನೇನು ಬೇಕು ನಿಮಗೆ. ನಾನು ವಾರವೆಲ್ಲ ಸರ್ಕಾರಿ ಕಚೇರಿಯಲ್ಲಿ ಟೈಪ್ ಮಾಡುವವಳು, ಒಮ್ಮೆ ಕೇಳಿದ್ದು ನನ್ನ ತಲೆಯಿಂದ ಹೋಗುವುದಿಲ್ಲ, ಅದು ಅವರಿಗೆ ಗೊತ್ತಾಯಿತು, ಕೆಲಸ ಅಂಟಿಸಿದರು — ಶನಿವಾರ ಸಬ್ಬತ್ತು, ವಿಶ್ರಾಂತಿಯ ದಿನ, ಯಾರೂ ಬರೆಯುವಂತಿಲ್ಲ, ಪೆನ್ಸಿಲ್ ಮುಟ್ಟುವಂತಿಲ್ಲ, ಆದ್ದರಿಂದ ಎರಡು ಗಂಟೆಯ ಮಾತನ್ನೆಲ್ಲ ನಾನು ತಲೆಯಲ್ಲಿ ಹೊತ್ತುಕೊಂಡು ಹೋಗಬೇಕು, ಭಾನುವಾರ ಬೆಳಿಗ್ಗೆ ಟೈಪ್ ಮಾಡಿ ಸ್ಟೆನ್ಸಿಲ್ ಹಾಳೆಯ ಮೇಲೆ ಇಳಿಸಬೇಕು, ಅದರಿಂದ ಪ್ರತಿ ತೆಗೆಯಬೇಕು, ಪ್ರತಿ ಮಾತಿನ ಮುಂದೆ ಆಡಿದವರ ಹೆಸರಿನ ಮೊದಲಕ್ಷರ, ಏಕೆಂದರೆ ಯಾರ ಮಾತೋ ಅದನ್ನು ಅವರ ಹೆಸರಲ್ಲೇ ಹೇಳಬೇಕು, ಇಲ್ಲದಿದ್ದರೆ ಲೋಕಕ್ಕೆ ಬಿಡುಗಡೆ ತಡವಾಗುತ್ತದೆ ಎಂದು ನಮಗೆ ಎದೆಹಾಲಿನ ಜೊತೆ ಕುಡಿಸಿದ್ದಾರೆ, ಬುಧವಾರ ಹಾಳೆ ಎಲ್ಲರ ಮನೆಗೆ. ನಮ್ಮ ಕೂಟದ ಮೆದುಳು ಅಡಿಗೆಮನೇಲಿ ಕಪ್ಪು ತೊಳೀತಾ ಇದೆ, ಅನ್ನುತ್ತಿದ್ದರು ಡಾಕ್ಟರ್, ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಆ ನಗು ನೆನೆದರೆ ಈಗ ಹಲ್ಲು ಕಿತ್ತು ಬಿಸಾಡಬೇಕು ಅನಿಸುತ್ತದೆ.

ಆ ಶನಿವಾರ ಗ್ರಂಥದ ಓದು ಮತ್ತೆ ಮೊದಲಿನಿಂದ ಶುರುವಾಗಿತ್ತು, ಲೋಕದ ಮೊದಲ ಅಣ್ಣ, ಮೊದಲ ತಮ್ಮ, ಮೊದಲ ಕೊಲೆ. ಅಲ್ಲೊಂದು ಹರಿದ ಸಾಲಿದೆ, ಅಣ್ಣ ತಮ್ಮನಿಗೆ ಹೇಳಿದ ಅಂತ ಇದೆ, ಏನು ಹೇಳಿದ ಅಂತ ಇಲ್ಲ, ತಟ್ಟನೆ ಇಬ್ಬರೂ ಹೊಲದಲ್ಲಿದ್ದಾರೆ, ಅಣ್ಣ ಮೇಲೆ ಬಿದ್ದು ಕೊಂದ. ಏನು ಹೇಳಿರಬಹುದು, ಎರಡು ಸಾವಿರ ವರ್ಷದಿಂದ ನಮ್ಮವರು ಆ ತೂತಿಗೆ ಬಟ್ಟೆ ತುರುಕುತ್ತಲೇ ಇದ್ದಾರೆ. ನೆಲದ ಪಾಲಿನ ಜಗಳ ಅಂದ ಒಬ್ಬ, ಗುಡಿ ಯಾರ ಜಾಗದಲ್ಲಿ ಕಟ್ಟಬೇಕು ಅಂತ ಜಗಳ ಅಂದ ಎಡ್ಮೊಂಡ್ ಆಸ್ಕೆನಾಸಿ, ಆಗ ಅವನಿಗೆ ಗಡ್ಡ ಕಪ್ಪಗಿತ್ತು, ಹೆಣ್ಣಿನ ವಿಷಯ ಇರುತ್ತೆ ಬಿಡ್ರಪ್ಪ ಅಂದರು ಡಾಕ್ಟರ್, ನಗು. ನಾನು ಬಾಗಿಲಲ್ಲಿ ನಿಂತು ಕಪ್ಪು ಒರೆಸುತ್ತಿದ್ದೆ. ಬಾಯಿ ತಾನಾಗಿ ತೆರೆಯಿತು. ಅಣ್ಣ ಏನು ಹೇಳಿದ ಅಂತಾನೇ ಎಲ್ರೂ ಕೇಳ್ತಿದೀರಿ, ತಮ್ಮ ಏನು ಹೇಳಿದ ಅಂತ ಯಾರೂ ಕೇಳಲಿಲ್ಲ, ಇಡೀ ಕಥೇಲಿ ಅವನಿಗೆ ಒಂದು ಮಾತೂ ಇಲ್ಲ, ಸತ್ತ ಮೇಲೆ ಅವನ ರಕ್ತ ನೆಲದಿಂದ ಕೂಗುತ್ತೆ, ಅಷ್ಟೆ, ಬದುಕಿದ್ದಾಗ ಅವನ ಬಾಯಿ ಕಟ್ಟಿದ್ದು ಅಣ್ಣನೊಬ್ಬನೇ ಅಲ್ಲ, ಕಥೆ ಹೇಳಿದೋರು, ಕಥೆ ಓದ್ತಾ ಬಂದೋರು, ಓದೋರ ಕೆಲಸ ಖಾಲಿ ಜಾಗ ತುಂಬೋದಲ್ಲ, ಇಲ್ಲಿ ಯಾರಿಗೆ ಮಾತು ಕೊಟ್ಟಿಲ್ಲ ಅಂತ ಮೊದಲು ಕೇಳೋದು, ಅದನ್ನ ಕೇಳದೆ ಅರ್ಥ ಹೇಳಿದ್ರೆ ನಾವೂ ಆ ಹೊಲದಲ್ಲಿ ಅಣ್ಣನ ಪಕ್ಕಾನೇ ನಿಂತ ಹಾಗೆ — ಇಷ್ಟೇ, ಮೂರು ನಾಲ್ಕು ಉಸಿರಿನ ಮಾತು, ಕೈಯಲ್ಲಿ ಒದ್ದೆ ಬಟ್ಟೆ. ಡಾಕ್ಟರ್ ಬಾಂಬರ್ಗರ್ ಕಿವಿಗೆ ಕೈ ಹಿಡಿದು, ಏನಂತೆ ಅವಳದು, ಕಾಫಿ ಆಯ್ತಂತಾ? ನಗು, ಮತ್ತೆ ನಗು, ಆಗ ಲೂಸಿಯಾಂ ಎದ್ದು ನಿಂತ, ಡಾಕ್ಟರ ಕಿವಿಯ ಹತ್ತಿರ ಬಾಗಿ ನನ್ನ ಮಾತನ್ನೇ ಹೇಳಿದ, ಗಟ್ಟಿಯಾಗಿ, ಬಿಡಿಸಿ ಬಿಡಿಸಿ, ಚೆನ್ನಾಗಿ ಹೇಳಿದ, ಸುಳ್ಳು ಹೇಳಬಾರದು, ನನಗಿಂತ ಚೆನ್ನಾಗಿ ಹೇಳಿದ, ಆದರೆ ಅವಳು ಹೇಳುತ್ತಾಳೆ ಎಂಬ ಎರಡು ಪದ ಮಾತ್ರ ಹೇಳಲಿಲ್ಲ, ಡಾಕ್ಟರ್ ಮೇಜು ಗುದ್ದಿದರು, ಲೂಸಿಯಾಂ, ಇದು ನೋಡು ಮಾತು ಅಂದ್ರೆ! ಮತ್ತು ಎಲ್ಲರೂ ಅವನ ಕಡೆ ನೋಡಿದರು, ಮತ್ತು ನಾನು, ನಾನೂ ಅವನ ಕಡೆ ನೋಡಿದೆ, ಅವನ ಕೊರಳ ಹತ್ತಿರ ಕ್ಷೌರ ತಪ್ಪಿದ ಒಂದು ಗೆರೆ ಇತ್ತು, ನಾಚಿಕೆಯಿಲ್ಲದವಳೇ, ಅದನ್ನು ಈಗಲೂ ನೆನಪಿಟ್ಟಿದ್ದೀಯಲ್ಲ.

ಎರಡನೇ ಮಹಡಿ, ಮತ್ತೆ ನಿಂತರು, ಎಡ್ಮೊಂಡ್‌ನ ಊರುಗೋಲು ಕಂಬಿಗೆ ತಾಗಿತು, ಅವನೂ ಬಂದಿದ್ದಾನೆ, ಇನ್ನೊಬ್ಬ ನನ್ನ ತಂಗಿಯ ಗಂಡ ಜಿಲ್ಬೆರ್ ಇರಬೇಕು, ಲೂಸಿಯಾಂ ಹೊಂಚುಹಾಕಿ ಅವನನ್ನೇ ಆರಿಸಿಕೊಂಡಿದ್ದಾನೆ, ಮನೆಯವನ ಮುಂದೆ ಇವಳು ಹಠ ಮಾಡಲಾರಳು ಅಂತ. ಮಾಡುತ್ತೇನೆ ನೋಡು. ಅರವತ್ತೇಳರಲ್ಲಿ ಪುಸ್ತಕ ಬಂತು, ಬಾಯಿಲ್ಲದವನ ಪಾಲು, ಲೂಸಿಯಾಂ ನೆಟ್ಟರ್, ಮುನ್ನೂರ ಹನ್ನೆರಡು ಪುಟ, ಅರ್ಥ ಹೇಳುವುದೇ ಒಂದು ನೈತಿಕ ಕೆಲಸ, ಓದುವವನ ಮೊದಲ ಪ್ರಶ್ನೆ ಇದರಲ್ಲಿ ಯಾರಿಗೆ ಮಾತು ಸಿಕ್ಕಿಲ್ಲ ಎಂಬುದು, ಹನ್ನೊಂದು ಭಾಷೆ, ಪ್ಯಾರಿಸ್‌ನಲ್ಲಿ ಪ್ರಾಧ್ಯಾಪಕ ಪೀಠ, ವಾರವಾರ ರೈಲಿನಲ್ಲಿ ಹೋಗಿಬರುವುದು, ನಮ್ಮ ಚಿಂತನೆಗೆ ಯುದ್ಧದ ನಂತರ ಮರಳಿ ಉಸಿರು ಬಂತು ಅಂತ ಪತ್ರಿಕೆಗಳು, ಬರೀ ನನ್ನ ಒರಸುಬಟ್ಟೆ ಹಿಂಡಿ ತೆಗೆದ ನೀರು ಅದು! ಕೊನೆಯ ಪುಟದಲ್ಲಿ ಕೃತಜ್ಞತೆ, ಹೆಂಡತಿಗೆ, ಪ್ರಕಾಶಕರಿಗೆ, ದಿವಂಗತ ಡಾಕ್ಟರ್ ಬಾಂಬರ್ಗರ್‌ಗೆ, ಮತ್ತು ಬೆರಳಚ್ಚಿನಲ್ಲಿ ನೆರವಾದ ಕುಮಾರಿ ಎಫ್. ವಿ. ಗೆ. ಬೆರಳಚ್ಚಿನಲ್ಲಿ. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ, ಗ್ರಂಥದ ಯಾವ ಸಾಲನ್ನೂ ಅಷ್ಟು ಓದಿಲ್ಲ. ಬಾಯಿಲ್ಲದವರ ಬಗ್ಗೆ ಬರೆದ ಪುಸ್ತಕದಲ್ಲಿ ನನ್ನನ್ನು ಬೆರಳು ಮಾಡಿ ಕೂರಿಸಿದ. ರೇಡಿಯೋದಲ್ಲಿ ಅವನು ಬಂದಾಗಲೆಲ್ಲ ಇಸ್ತ್ರಿ ಮಾಡುತ್ತ ಕೇಳಿದ್ದೇನೆ, ಜರ್ಮನಿಗೆ ಹೋಗಿ ಮಾತಾಡಿದ, ಅಲ್ಲಿ ಯಾರೋ ಎದ್ದು ಕೇಳಿದರು, ಸತ್ತವರ ಪರವಾಗಿ ನೀವು ನಮ್ಮನ್ನು ಕ್ಷಮಿಸುತ್ತೀರಾ, ಇವನು ಹೇಳಿದ, ನೋವು ತಿಂದವರ ಬದಲಿಗೆ ಇನ್ನೊಬ್ಬರು ಕ್ಷಮಿಸಲಾಗದು, ಕ್ಷಮೆಗೆ ಪ್ರತಿನಿಧಿ ಇಲ್ಲ, ಸಭೆಯೆಲ್ಲ ಚಪ್ಪಾಳೆ. ನನ್ನಪ್ಪನನ್ನು ನಲವತ್ತನಾಲ್ಕರಲ್ಲಿ ನಾಜಿಗಳು ಪೆರಿಗ್ಯೂ ಊರಿನಿಂದ ಒಯ್ದರು, ಅಪ್ಪ ಮರಳಲಿಲ್ಲ, ಆ ಮಾತು ಕೇಳಿ ನಾನು ಇಸ್ತ್ರಿಪೆಟ್ಟಿಗೆ ಇಟ್ಟು ಅತ್ತೆ, ನಿಜವಾಗಿ ಅತ್ತೆ, ಅಷ್ಟು ಸರಿಯಾದ ಮಾತು ಅಷ್ಟು ಕೊಳಕು ಬಾಯಿಂದ ಬರಬಹುದೇ ಅಂತ, ಇಸ್ತ್ರಿಯ ಕೆಳಗೆ ಅಂಗಿ ಸುಟ್ಟುಹೋಯಿತು. ಗೊತ್ತಿತ್ತಲ್ಲ ಅವನಿಗೆ, ನನ್ನ ಬದಲು ಯಾರೂ ಕ್ಷಮಿಸಲಾರರೆಂದು ಗೊತ್ತಿದ್ದೂ ಮೂವತ್ತಾರು ವರ್ಷ ನಮ್ಮ ಬೀದಿಯಲ್ಲೇ ಟೋಪಿ ಎತ್ತಿ ನಮಸ್ಕಾರ ಹೇಳಿಕೊಂಡು ಓಡಾಡಿದ, ಚೆನ್ನಾಗಿದೀಯಾ ಫ್ಲೋರ್, ತಂಗಿ ಚೆನ್ನಾಗಿದಾಳಾ. ತಂಗಿಗೆ ಒಮ್ಮೆ ಹೇಳಿದೆ. ಅವಳು ಕ್ಯಾರೆಟ್ ಹೆಚ್ಚುತ್ತ, ನೀನೇ ಹೇಳಿದ್ದು ಅನ್ನೋಕೆ ಏನೇ ಗುರುತು, ಶನಿವಾರ ಯಾರೂ ಬರೆಯೋ ಹಾಗಿಲ್ವಲ್ಲ, ಭಾನುವಾರದ ಹಾಳೇಲಿ ಏನಿದೆ ಅಂದಳು, ನಾನು ಎದ್ದು ಬಂದೆ. ಹಾಳೆ ಬೇಡ. ಅದನ್ನು ಈಗ ನೆನೆಯುವುದು ಬೇಡ. ಎಲ್, ಚುಕ್ಕೆ — ಬೇಡ.

ಸಾರಿನ ನೊರೆ ತೆಗೆಯಬೇಕು. ಮೊದಲ ಸಲ ಬಂದದ್ದು ಹೋದ ವಾರ, ನಮ್ಮ ಪಂಚಾಂಗದ ಹೊಸ ವರ್ಷದ ಮಾರನೇ ದಿನ, ಸಿನಗಾಗ್‌ನ ಅಂಗಳದಲ್ಲಿ, ಮೂವರು ಹಿಂದೆ ನಿಂತಿದ್ದರು, ಫ್ಲೋರ್, ತಿಳಿದೋ ತಿಳಿಯದೆಯೋ ನಿನಗೆ ನೋವು ಮಾಡಿದ್ರೆ ಕ್ಷಮಿಸು, ಏನು ಮಾಡ್ದೆ ಹೇಳು, ತಿಳಿದೋ ತಿಳಿಯದೆಯೋ, ತಿಳಿದದ್ದನ್ನೇ ಹೇಳು, ಅವನು ಬೂಟು ನೋಡಿಕೊಂಡ, ಒಲ್ಲೆ ಅಂದೆ. ಎರಡನೇ ಸಲ ಇದೇ ಬಾಗಿಲು, ನಾನು ಸರಪಳಿ ತೆಗೆಯದೆ ಸಂದಿಯಲ್ಲಿ ಒಂದು ಕಣ್ಣು ಇಟ್ಟು, ಏನು ಮಾಡ್ದೆ, ಫ್ಲೋರ್ ನಿನಗೆ ಗೊತ್ತಲ್ಲ, ನನಗೆ ಗೊತ್ತು, ಇವರಿಗೆ ಗೊತ್ತಿಲ್ಲ, ಹೇಳು, ಅವನು ಹಿಂತಿರುಗಿ ನೋಡಿದ, ಗಾಸ್ತೋನ್ ಗೋಡೆಯ ಬಣ್ಣ ನೋಡುತ್ತಿದ್ದ, ಹೇಳಲಿಲ್ಲ, ಒಲ್ಲೆ. ಆಮೇಲೆ ಶುಕ್ರವಾರ ಬೆಳಿಗ್ಗೆ ನಾನು ಹಳೆಯ ಧರ್ಮಸಂಹಿತೆ ತೆಗೆದು ಕೂತೆ, ಅಪ್ಪನ ಪ್ರತಿ, ಮೂಲೆಯಲ್ಲಿ ಇಲಿ ತಿಂದದ್ದು, ಕಾಫಿ ತಣ್ಣಗಾಯಿತು, ಮೂರು ಸಲ ಅಂತ ಇರುವ ಜಾಗ ಹುಡುಕಿದೆ, ಅದರ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ, ಚಿಕ್ಕಂದಿನಿಂದ ಕೇಳಿದ್ದೇ, ಎಂದೂ ನನ್ನದಾಗಿ ಓದಿರಲಿಲ್ಲ — ಆದರೆ ನೋವು ತಿಂದವರು ಅವನ ಗುರುವಾಗಿದ್ದರೆ ಮೂರರ ಲೆಕ್ಕವಿಲ್ಲ, ಕ್ಷಮಿಸುವವರೆಗೆ ಹೋಗುತ್ತ ಬರುತ್ತ ಇರಬೇಕು, ಸಾವಿರ ಸಲವಾದರೂ. ಮತ್ತೆ ಇನ್ನೊಂದು ಕಡೆ ಇದೆ, ಒಂದು ಸಾಲು ಕಲಿಸಿದವರಿಗೂ ಗುರುವಿನ ಮರ್ಯಾದೆ ಸಲ್ಲಬೇಕು. ಎರಡನ್ನೂ ಜೋಡಿಸಿದೆ, ಅವನು ನನ್ನಿಂದ ಕದ್ದು ಕಲಿತದ್ದನ್ನು ಅವನ ಮೇಲೇ ತಿರುಗಿಸಿದೆ, ಹೀಗೆ ಅರ್ಥ ಹೇಳುವುದು ನಮ್ಮ ಕಸುಬಲ್ಲವೇ, ಗ್ರಂಥಕ್ಕೆ ಎಪ್ಪತ್ತು ಮುಖ ಅಂತೀರಲ್ಲ, ಈ ಎಪ್ಪತ್ತೊಂದನೆಯದು ಅಡಿಗೆಮನೆ ಬಾಗಿಲಿನಿಂದ. ಇವತ್ತು ಅವನನ್ನು ಕೇಳುತ್ತೇನೆ, ನಾನು ನಿನ್ನ ಗುರುವೋ ಅಲ್ಲವೋ. ಅಲ್ಲ ಅಂದರೆ ಮೂವರ ಮುಂದೆ ಸುಳ್ಳು, ಅದೂ ಪ್ರಾಯಶ್ಚಿತ್ತದ ಹೊಸ್ತಿಲಲ್ಲಿ, ಆ ಸುಳ್ಳು ಹೊತ್ತು ಹೋಗಿ ಮಲಗಲಿ ಆಪರೇಷನ್ ಮೇಜಿನ ಮೇಲೆ. ಹೌದು ಅಂದರೆ ಕದ್ದದ್ದನ್ನು ಒಪ್ಪಿದ ಹಾಗೆ, ಮತ್ತೆ ಮತ್ತೆ ಹತ್ತಲಿ, ಹಿಮದಲ್ಲಿ ಹತ್ತಲಿ, ಬೇಸಿಗೆಯಲ್ಲಿ ಹತ್ತಲಿ, ಪ್ರತಿ ಸಲ ನಾನು ಬಾಗಿಲು ತೆರೆದು ನಗುನಗುತ್ತ ಒಲ್ಲೆ ಅನ್ನುತ್ತೇನೆ. ನಾನು ಮೊದಲು ಸತ್ತರೆ? ಹತ್ತು ಜನರನ್ನು ಗೋರಿಯ ಹತ್ತಿರ ಕರೆತಂದು ತಪ್ಪೊಪ್ಪಿಕೊಂಡರೆ ಸಾಕು ಅನ್ನುತ್ತದೆ ಅದೇ ಸಂಹಿತೆ, ಗೋರಿ ಪ್ರಶ್ನೆ ಕೇಳುವುದಿಲ್ಲ, ಅವನಿಗೆ ಸುಲಭ, ಹಾಗಾಗಿ ನಾನು ಸಾಯಕೂಡದು, ದಿನಾ ನಡೆಯುತ್ತೇನೆ, ಉಪ್ಪು ಬಿಟ್ಟಿದ್ದೇನೆ. ಅವನು ಮೊದಲು ಸತ್ತರೆ — ಮೂರನೇ ಮಹಡಿಯಲ್ಲಿ ಸದ್ದೇ ಇಲ್ಲ. ಕೂತನೇನೋ. ಕತ್ತಿಯ ತುದಿಯಲ್ಲಿ ಹಣ್ಣಿನ ಬೀಜ ಹಿಡಿದು ಕಿವಿಗೊಟ್ಟಿದ್ದೇನೆ, ಸಾಯಬೇಡ, ಅಲ್ಲೇ ಸಾಯಬೇಡ ಕಣೋ, ಇನ್ನೊಂದು ಹದಿನೆಂಟು ಮೆಟ್ಟಿಲು, ನನ್ನ ಕಣ್ಣೆದುರಿಗೆ ಬಂದು ಹೇಳಿ ಆಮೇಲೆ ಏನಾದರೂ ಮಾಡಿಕೋ — ಊರುಗೋಲು ಸದ್ದು ಮಾಡಿತು, ಬರುತ್ತಿದ್ದಾರೆ.

ಸರಪಳಿ ತೆಗೆದೆ, ಪೂರ್ತಿ ತೆಗೆದೆ, ಬಾಗಿಲು ಗೋಡೆಗೆ ತಾಗುವವರೆಗೆ ತೆರೆದೆ. ಗಾಸ್ತೋನ್ ಮುಂದೆ, ಉಪವಾಸದ ದಿನ ಚರ್ಮ ಮೆಟ್ಟಬಾರದೆಂದು ಚರ್ಮದ ಬೂಟು ಬಿಟ್ಟು ಈಗಲೇ ಕ್ಯಾನ್‌ವಾಸ್ ಹಾಕಿಕೊಂಡಿದ್ದಾನೆ, ಬೆವರಿದ್ದಾನೆ, ಮದ್ಮೊಜೆಲ್ ಫ್ಲೋರ್, ನಾಲ್ಕನೇ ಮಹಡೀಲಿ ದೇವರು ಹತ್ರ ಇರ್ತಾನೆ ನಿಜ, ಮೊಣಕಾಲು ಮಾತ್ರ ಇರಲ್ಲ, ಒಳಗೆ ಕೂರಿಸ್ತೀರೋ ಇಲ್ಲೇ ತೀರ್ಪೋ. ಅರವತ್ತೆಂಟಕ್ಕೂ ನಾನು ಮದ್ಮೊಜೆಲ್, ಕುಮಾರಿ. ಇಲ್ಲೇ, ಅಂದೆ. ಒಂದು ಕುರ್ಚಿ ತಂದು ಎಡ್ಮೊಂಡ್‌ಗೆ ಇಟ್ಟೆ, ಬೇಕೆಂದೇ ಒಂದೇ ಒಂದು, ಎಡ್ಮೊಂಡ್ ಅದನ್ನು ಲೂಸಿಯಾಂ ಕಡೆ ತಳ್ಳಿದ, ಲೂಸಿಯಾಂ ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತ, ತುಟಿ ನೀಲಿ, ಕಾಲರ್ ಒಳಗೆ ಕುತ್ತಿಗೆ ಕೋಳಿಯದಂತೆ, ಜಿಲ್ಬೆರ್ ಮುಂದೆ ಬಂದು, ಅತ್ತಿಗೆ, ಸ್ವಲ್ಪ ನೀರು ಕೊಡಿ ಇವರಿಗೆ ಅಂದ, ಕೊಡ್ತೀನಿ, ಮೊದಲು ಮಾತು. ಫ್ಲೋರ್, ತಿಳಿದೋ ತಿಳಿಯದೆಯೋ — ನಿಲ್ಲಿಸು, ಅಂದೆ. ಗಾಸ್ತೋನ್, ಎಷ್ಟು ಸಲ ಬಂದ್ರೆ ಇವನಿಗೆ ಬಿಡುಗಡೆ? ಮೂರು ಸಲ, ಇದನ್ನ ಮಕ್ಕಳೂ ಹೇಳ್ತವೆ. ನೋವು ತಿಂದೋರು ಗುರು ಆಗಿದ್ರೆ? ಗಾಸ್ತೋನ್ ಎಡ್ಮೊಂಡ್ ಕಡೆ ತಿರುಗಿದ. ಎಡ್ಮೊಂಡ್ ನೆಲ ನೋಡುತ್ತ ನಿಧಾನವಾಗಿ, ಗುರು ಆಗಿದ್ರೆ ಲೆಕ್ಕ ಇಲ್ಲ, ಸಾವಿರ ಸಲ ಆದ್ರೂ ಬರ್ತಾ ಇರ್ಬೇಕು. ಒಂದೇ ಒಂದು ಸಾಲಿನ ಅರ್ಥ ಕಲಿಸಿದೋರು? ಅವರಿಗೂ ಗುರುವಿನ ಮರ್ಯಾದೇನೇ. ಸರಿ, ಲೂಸಿಯಾಂ, ಈ ಮೂವರ ಮುಂದೆ ಹೇಳು, ಅಣ್ಣ ತಮ್ಮನ ಕಥೆಗೆ ಅರ್ಥ ನಿನಗೆ ಕಲಿಸಿದ್ದು ಯಾರು, ನಾನು ನಿನ್ನ ಗುರುವೋ ಅಲ್ಲವೋ. ಅಲ್ಲ ಅಂದ್ರೆ ಇವತ್ತಿಗೆ ಮುಗೀತು, ಇಳಿದು ಹೋಗು. ಹೌದು ಅಂದ್ರೆ ಇದು ಮೂರನೇ ಸಲ, ಇನ್ನು ಒಂಬೈನೂರ ತೊಂಬತ್ತೇಳಿದೆ. ಗಾಸ್ತೋನ್ ಅಯ್ಯಯ್ಯೋ ಅಂದ, ಮದ್ಮೊಜೆಲ್, ಹಾಗಾದ್ರೆ ಲಿಫ್ಟ್ ಆದ್ರೂ ರಿಪೇರಿ ಮಾಡ್ಸಿ, ಯಾರೂ ನಗಲಿಲ್ಲ, ಮೊದಲ ಬಾರಿಗೆ ಒಂದು ಕೋಣೆಯ ಗಂಡಸರು ನಾನು ಮಾತಾಡಿದ ಮೇಲೆ ನಗಲಿಲ್ಲ, ಆ ಮೌನವನ್ನು ನಾನು ನಾಲಗೆಯ ಮೇಲೆ ಇಟ್ಟುಕೊಂಡು ಚಪ್ಪರಿಸಿದೆ.

ಅವನು ಕುರ್ಚಿಯ ಬೆನ್ನನ್ನು ಇನ್ನೂ ಗಟ್ಟಿಯಾಗಿ ಹಿಡಿದ. ಗುರು, ಅಂದ. ಹೌದು. ಹೇಳ್ತೀನಿ, ಕೇಳಿ ಎಲ್ರೂ, ಎಡ್ಮೊಂಡ್ ನೀನೂ ಇದ್ದೆ ಅಲ್ಲಿ, ಬಾಂಬರ್ಗರ್ ಮನೇಲಿ, ಇವಳು ಬಾಗಿಲಲ್ಲಿ ನಿಂತಿದ್ಳು, ನೀಲಿ ಗೆರೆ ಇರೋ ಬಟ್ಟೆ ಇತ್ತು ಕೈಯಲ್ಲಿ, ತಮ್ಮನಿಗೆ ಯಾಕೆ ಮಾತಿಲ್ಲ ಅಂದಿದ್ದು ಇವಳು, ನನ್ನ ಪುಸ್ತಕ ಅಂದ್ರೆ ಆ ನಾಲ್ಕು ಮಾತು, ಮಿಕ್ಕಿದ್ದೆಲ್ಲ ನಾನು ಸುತ್ತಿದ ಕಾಗದ. ಇವಳು ನನ್ನ ಗುರು. ನಾನು ಕದ್ದೆ. — ಜಿಲ್ಬೆರ್ ಪ್ರೊಫೆಸರೇ ಅಂತ ತಡೆಯಲು ಹೋದ, ಅವನು ಕೈ ಎತ್ತಿದ. ಆಹಾ, ಎಷ್ಟು ಸಿಹಿ, ನಲವತ್ತೊಂದು ವರ್ಷ ಒಣಗಿದ ಗಂಟಲಿಗೆ, ಕಾಲ ಬೆರಳಿನಿಂದ ನೆತ್ತಿಗೆ ಏರಿತು, ಕದ್ದೆ ಅಂದ, ನಾಲ್ಕನೇ ಮಹಡಿಯಲ್ಲಿ ಮೂವರು ಕೇಳುವ ಹಾಗೆ ಅಂದ, ಎಡ್ಮೊಂಡ್ ಗಡ್ಡ ಹಿಡಿದುಕೊಂಡಿದ್ದಾನೆ, ಗಾಸ್ತೋನ್ ನಾಳೆ ಸಂಜೆಯೊಳಗೆ ಊರಿಗೆಲ್ಲ ಸಾರುತ್ತಾನೆ, ಈಗ ನಾನು ಒಲ್ಲೆ ಅನ್ನಬೇಕು, ನಗುನಗುತ್ತ, ಮುಂದಿನ ಸಲ ಬಾ ಅನ್ನಬೇಕು, ತುಟಿ ಸಿದ್ಧವಾಗಿದೆ — ಅವನು ಹೇಳಿದ, ಸಾವಿರ ಸಲ ಬರ್ತೀನಿ ಫ್ಲೋರ್, ಇದ್ದರೆ ಬರ್ತೀನಿ, ಒಂದು ಮಾತು ಕೇಳ್ಲಾ, ಶಿಷ್ಯ ಗುರುವನ್ನ ಕೇಳಬಹುದಲ್ವಾ. ಆವತ್ತು ಡಾಕ್ಟರು ನನ್ನ ಹೊಗಳಿದಾಗ ಬಾಯಿ ಬರಲಿಲ್ಲ, ಹೇಡಿ ನಾನು, ಬುಧವಾರದ ಹಾಳೇಲಿ ಹೇಗೂ ನಿನ್ನ ಹೆಸರು ಬರುತ್ತಲ್ಲ, ಆಗ ಎಲ್ರಿಗೂ ಗೊತ್ತಾಗುತ್ತೆ ಅಂದ್ಕೊಂಡು ಕಾದೆ. ಹಾಳೆ ಬಂತು. ಆ ಮಾತಿನ ಮುಂದೆ ನನ್ನ ಅಕ್ಷರ ಇತ್ತು. ಹಾಳೆ ಹಿಡ್ಕೊಂಡು ನಿನ್ನ ಕಚೇರಿ ಮೆಟ್ಟಿಲವರೆಗೂ ಬಂದೆ, ಅಲ್ಲಿಂದ ವಾಪಸ್ ಹೋದೆ. ವಾಪಸ್ ಹೋದದ್ದು ನನ್ನ ಪಾಪ, ಅದಕ್ಕೆ ಲೆಕ್ಕ ನಾನು ಕೊಡ್ತೀನಿ, ನಿನ್ನ ಮೇಲೆ ಹಾಕ್ತಿಲ್ಲ. ಆದ್ರೆ ಹೇಳು, ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ನೀನ್ಯಾಕೆ ಹಾಗೆ ಟೈಪ್ ಮಾಡಿದೆ?

ಮೂವರೂ ನನ್ನ ಕಡೆ ನೋಡುತ್ತಿದ್ದಾರೆ, ಸಾರು ಉಕ್ಕಿ ಒಲೆಯ ಮೇಲೆ ಸುರ್ ಎನ್ನುತ್ತಿದೆ, ಹೇಳು ಫ್ಲೋರ್, ಹೇಳಲು ಏನಿದೆ, ಡಾಕ್ಟರಿಗೆ ಕೇಳಿಸಿದ್ದು ಅವನ ಬಾಯಿಂದ, ಕೇಳಿಸಿದ್ದೇ ಮಾತು, ಕೇಳಿಸದ್ದು ಕಾಫಿ, ಹಾಗಂತ ಯೋಚಿಸಿದೆನೇ, ಇಲ್ಲ, ಯೋಚಿಸಲೇ ಇಲ್ಲ, ಅವನ ಕೊರಳ ಗೆರೆಗಾಗಿ ಕೊಟ್ಟೆನೇ, ಹಾಗಿದ್ದರೂ ಒಂದು ಕಾರಣವಾಗುತ್ತಿತ್ತು, ಅದೂ ಅಲ್ಲ, ಮಾತು ಅಂದ ಮೇಲೆ ಅದು ಮೇಜಿನ ಸುತ್ತಲಿನ ಯಾರದೋ ಇರಬೇಕು ಅಂತ ಕೈಗೇ ಗೊತ್ತಿತ್ತು, ಕೈಗೆ ಹಾಗೆ ಕಲಿಸಿದವರ ಪಟ್ಟಿ ಮಾಡಿದರೆ ಅಜ್ಜಿಯಿಂದ ಹಿಡಿದು ಗ್ರಂಥದ ಮೊದಲ ಪುಟದವರೆಗೆ ಹೋಗುತ್ತದೆ, ಅವರೆಲ್ಲರೂ ಈ ಮೆಟ್ಟಿಲು ಹತ್ತಲಿ, ಸಾಲಾಗಿ ಹತ್ತಲಿ, ಒಬ್ಬೊಬ್ಬರನ್ನೂ ಸಾವಿರ ಸಲ ಹತ್ತಿಸುತ್ತೇನೆ, ಆದರೆ ಆ ಭಾನುವಾರ ಮೇಜಿನ ಮುಂದೆ ಅವರು ಯಾರೂ ಇರಲಿಲ್ಲ, ನಾನಿದ್ದೆ, ಇಪ್ಪತ್ತೇಳು ವರ್ಷದ ಒಬ್ಬಳಿದ್ದಳು, ಅವಳ ಬಾಯಿ ಕಟ್ಟಿದ್ದು ನಾನು, ಅವಳ ಹತ್ತಿರ ಯಾವ ಮೂವರನ್ನು ಕರೆದುಕೊಂಡು ಹೋಗಲಿ, ಯಾವ ಮಹಡಿಗೆ, ಅವಳಿಗೆ ಬಾಗಿಲೂ ಇಲ್ಲ ಗೋರಿಯೂ ಇಲ್ಲ, ಮದ್ಮೊಜೆಲ್, ಮದ್ಮೊಜೆಲ್, ಒಲೆ, ಅನ್ನುತ್ತಿದ್ದಾನೆ ಗಾಸ್ತೋನ್, ಒಲ್ಲೆ ಅನ್ನಲು ತೆರೆದ ತುಟಿ ತೆರೆದೇ ಇದೆ, ಬೆಳಗಿನ ಬಿಸಿಲು, ನುಣುಪು ಸ್ಟೆನ್ಸಿಲ್, ಕೀಲಿಗಳ ಮೇಲೆ ತೂಗುವ ಬೆರಳು, ಉಗುರು ಸಣ್ಣಗೆ ಕತ್ತರಿಸಿದ ಬಲಗೈಯ ಬೆರಳು, ತನ್ನ ಅಕ್ಷರದ ಕಡೆ ಒಮ್ಮೆಯೂ ಹೊರಳದೆ, ತಡವರಿಸದೆ, ಅಭ್ಯಾಸದಿಂದ ಇಳಿಯುತ್ತದೆ, ಎಲ್, ಚುಕ್ಕೆ, ಎನ್, ಚುಕ್ಕೆ, ಮತ್ತೆ ಏಳುತ್ತದೆ, ಮತ್ತೆ ಇಳಿಯುತ್ತದೆ, ಎಲ್, ಚುಕ್ಕೆ, ಎನ್ —